ವೈರಣ್ಣನ ಕಿವಿ

ಅವನ ನಿಜವಾದ ಹೆಸರು ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ಸಣ್ಣಪುಟ್ಟ ಆಫೀಸುಗಳಿಗೆ ಕೇಬಲ್ ಎಳೆದು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಕೆಟ್ಟಾಗ ಹೋಗಿ ಸರಿಮಾಡಿ ಬರುತ್ತಿದ್ದವನನ್ನು ಎಲ್ಲರೂ ವೈರಣ್ಣ ಎಂದೇ ಕರೆಯುತ್ತಿದ್ದರು. "ನಾನು ವೈರ ಕಟ್ಟಿಕೊಂಡವನಲ್ಲ, ವೈರು ಕಟ್ಟಿಕೊಂಡವನು" ಎಂದು ಹೊಸ ಜಾಗಕ್ಕೆ ಹೋದಾಗಲೆಲ್ಲ ಅವನೇ ಹೇಳಿ, ಎದುರಿನವರು ನಗುವುದನ್ನು ಕಾಯುತ್ತಿದ್ದ.

ಈಚೆಗೆ ಎರಡು ವರ್ಷಗಳಿಂದ ವೈರಣ್ಣ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟಿದ್ದ. ಯಾರಾದರೂ ಕರೆ ಮಾಡಿದರೆ ಕತ್ತರಿಸಿ, "ಮೆಸೇಜ್ ಹಾಕಿ, ಬರಹದಲ್ಲಿದ್ದರೆ ಗೊಂದಲ ಇರುವುದಿಲ್ಲ" ಎಂದು ಬರೆದು ಕಳಿಸುತ್ತಿದ್ದ. ಬಹಳ ಶಿಸ್ತಿನ ಮನುಷ್ಯ ಎಂದು ಜನ ಮೆಚ್ಚಿಕೊಂಡರು. ನಿಜ ಏನೆಂದರೆ ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅದಕ್ಕೆ ಅವನು ನೂರೆಂಟು ಉಪಾಯ ಮಾಡಿಕೊಂಡಿದ್ದ. ಮಾತಾಡುವವರ ಎದುರಿಗೇ ಕೂರುವುದು, ತುಟಿ ನೋಡುವುದು, ಬೇರೆಯವರು ನಕ್ಕಾಗ ತಾನೂ ನಗುವುದು, ಏನೂ ತಿಳಿಯದಿದ್ದಾಗ "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸುವುದು. ಹೆಂಡತಿ ಇದ್ದಿದ್ದರೆ ಒಂದೇ ದಿನಕ್ಕೆ ಕಂಡುಹಿಡಿದು ಕೈಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಒಬ್ಬಳೇ ಮಗಳು. ಮದುವೆಯಾಗಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಅವಳ ಕರೆಯನ್ನು ಮಾತ್ರ ವೈರಣ್ಣ ಕತ್ತರಿಸುತ್ತಿರಲಿಲ್ಲ. ದಿನ ಬಿಟ್ಟು ದಿನ ಮಾಡುತ್ತಿದ್ದಳು, ಇವನು ಹ್ಞೂಂಗುಟ್ಟುತ್ತಿದ್ದ, ಅವಳ ದನಿ ಕಿವಿಯಲ್ಲಿ ಆಡಿದರೆ ಸಾಕಿತ್ತು. ಆದರೆ ಮೂರು ತಿಂಗಳಿಂದ ಅವಳ ಫೋನೇ ಇಲ್ಲ. ಇವನು ಮೆಸೇಜ್ ಹಾಕಿದರೆ "ಚೆನ್ನಾಗಿದೀನಿ" ಎಂಬ ಒಂದು ಪದ. ಅಳಿಯನನ್ನು ಕೇಳಿದರೆ "ಇದ್ದೀವಿ ಮಾವ" ಎಂಬ ಎರಡು ಪದ. ಹೊಸ ಕೆಲಸ, ಸುಸ್ತು, ಪುರುಸೊತ್ತಿಲ್ಲ ಎಂದುಕೊಂಡು ವೈರಣ್ಣ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಸಮಾಧಾನವೇನೂ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಮೆಸೇಜ್ ಬಂತು. "ಐದು ದಿನದಿಂದ ನಮ್ಮ ಕಂಪ್ಯೂಟರುಗಳಿಗೆ ಹುಚ್ಚು ಹಿಡಿದಿದೆ. ದಯವಿಟ್ಟು ಇವತ್ತೇ ಬನ್ನಿ." ಕಳಿಸಿದ್ದು ಕಿವಿ ತಪಾಸಣೆಯ ಒಂದು ಕ್ಲಿನಿಕ್. ಎಂಟು ವರ್ಷದ ಹಿಂದೆ ಅಲ್ಲಿಗೆ ಕೇಬಲ್ ಎಳೆದವನು ಅವನೇ. ಆಗ ಅವನ ಕಿವಿ ನೆಟ್ಟಗಿತ್ತು. ವೈರಣ್ಣ ಮೆಸೇಜನ್ನು ಎರಡು ಸಲ ಓದಿದ. ಬೇರೆ ಯಾರನ್ನಾದರೂ ಕಳಿಸಿದರೆ ಹೇಗೆ ಎಂದು ಯೋಚಿಸಿದ. ಕಳಿಸಲು ಯಾರೂ ಇರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಕ್ಲಿನಿಕ್ ಒಂದು ಅಂಗಡಿ ಸಾಲಿನ ಮೇಲೆ, ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಕಾಯುವವರ ಬೆಂಚು, ಎದುರಿಗೆ ಸ್ವಾಗತದ ಮೇಜು, ಎಡಕ್ಕೆ ಡಾಕ್ಟರಮ್ಮನ ಕೋಣೆ, ಅದರ ಪಕ್ಕ ಗೋಡೆಗೆಲ್ಲ ಸ್ಪಂಜು ಹೊದಿಸಿದ ತಪಾಸಣೆಯ ಕೋಣೆ. ಒಟ್ಟು ಏಳು ಕಂಪ್ಯೂಟರು, ಒಂದು ಪ್ರಿಂಟರು. ಎಲ್ಲರ ದಾಖಲೆಗಳೂ ಇರುವ ಸರ್ವರು ದಾಸ್ತಾನಿನ ಬೀರುವಿನ ಪಕ್ಕ ಸಣ್ಣ ಕಪಾಟಿನಲ್ಲಿ.

ಸ್ವಾಗತದ ಮೇಜಿನ ಹುಡುಗಿ ಅವನನ್ನು ಕಂಡದ್ದೇ ಗಡಗಡ ಶುರುಮಾಡಿದಳು. ವೈರಣ್ಣ ಅವಳ ಎದುರಿಗೇ ಬಗ್ಗಿ ನಿಂತು ತುಟಿ ನೋಡುತ್ತ ಕೇಳಿಸಿಕೊಂಡ.

"ಒಂದ್ಸಲ ದಾಖಲೆ ತೆರೆಯುತ್ತೆ, ಒಂದ್ಸಲ ಸರ್ವರ್ರೇ ಇಲ್ಲ ಅನ್ನುತ್ತೆ. ಇಂಟರ್‌ನೆಟ್ ಪುಟ ತೆಗೆದ್ರೆ ಇದು ಸುರಕ್ಷಿತ ಅಲ್ಲ ಅಂತ ಕೆಂಪಗೆ ಬರುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಕೆಟ್ಟಿದ್ದು ಸರಿಹೋಗುತ್ತೆ, ಸರಿ ಇದ್ದಿದ್ದು ಕೆಡುತ್ತೆ. ವೈರಸ್ಸೇ ಇರ್ಬೇಕು. ಲೈನ್ ಕಂಪನಿಯವ್ರು ನಮ್ಮದೇನೂ ತಪ್ಪಿಲ್ಲ ಅಂತ ಕೈ ತೊಳ್ಕೊಂಡ್ರು. ರೋಗಿಗಳ ಮುಂದೆ ಮುಖ ತೋರ್ಸೋಕಾಗ್ತಿಲ್ಲ."

"ಯಾವತ್ತಿಂದ?"

"ಸೋಮವಾರ ಮಧ್ಯಾಹ್ನದಿಂದ." ಅವಳು ಎದ್ದು ಹಿಂದಕ್ಕೆ ತಿರುಗಿ ಏನನ್ನೋ ಕೇಳಿದಳು.

"ಬೇಡ ಬಿಡಿ, ನಾನೇ ಎತ್ತಿಡ್ತೀನಿ" ಎಂದ ವೈರಣ್ಣ.

ಹುಡುಗಿ ಬಿಟ್ಟ ಬಾಯಿ ಬಿಟ್ಟಂತೆ ನಿಂತಳು. ಅವಳು ಕೇಳಿದ್ದು ಟೀ ಕೊಡಲಾ ಎಂದು.

ಕೆಲಸಕ್ಕೆ ಕೂತರೆ ಮಾತ್ರ ವೈರಣ್ಣನಿಗೆ ಯಾವ ಅಳುಕೂ ಇರಲಿಲ್ಲ. ಮೊದಲು ಕೆಟ್ಟ ಕಂಪ್ಯೂಟರಿನ ಮುಂದೆ ಕೂತ. ಸರ್ವರಿನ ಹೆಸರು ಹೇಳಿ ಕರೆದ, ಉತ್ತರ ಸರಿಯಿರಲಿಲ್ಲ. ಅದೇ ಸರ್ವರನ್ನು ಅದರ ನಂಬರು ಹಿಡಿದು ಕರೆದ. ಕರೆದ ಕೂಡಲೇ ಓಗೊಟ್ಟಿತು. ಅಂದರೆ ಸರ್ವರು ಗಟ್ಟಿಯಾಗಿದೆ, ಕೇಬಲ್ಲೂ ಗಟ್ಟಿಯಾಗಿದೆ, ತಪ್ಪುತ್ತಿರುವುದು ಹೆಸರು. ಆಮೇಲೆ ಬೇರೆ ಬೇರೆ ಹೆಸರು ಹಾಕಿ ನೋಡಿದ. ಪ್ರಿಂಟರಿನ ಹೆಸರು, ಒಂದು ಪತ್ರಿಕೆಯ ಹೆಸರು, ಕೊನೆಗೆ ಇಲ್ಲದ ಒಂದು ಹೆಸರನ್ನು ಬಾಯಿಗೆ ಬಂದಂತೆ ಟೈಪು ಮಾಡಿದ. ಎಲ್ಲಕ್ಕೂ ಒಂದೇ ನಂಬರು ಬಂತು. ಪಕ್ಕದ, ಸರಿಯಿದ್ದ ಕಂಪ್ಯೂಟರಿನಲ್ಲಿ ನೋಡಿದರೆ ಒಂದೊಂದಕ್ಕೆ ಒಂದೊಂದು ನಂಬರು, ಇಲ್ಲದ ಹೆಸರಿಗೆ "ಇಲ್ಲ" ಎಂಬ ಉತ್ತರ.

ಡಾಕ್ಟರಮ್ಮ ಬಂದು ನಿಂತರು. ಅರವತ್ತರ ಆಸುಪಾಸು, ಬೆಳ್ಳಗಿನ ಕೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದರು. ಕೆಲಸದ ರೂಢಿಯಿಂದಲೋ ಏನೋ, ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ನಿಧಾನವಾಗಿ ಮಾತಾಡಿದರು. ವೈರಣ್ಣನಿಗೆ ಅವರ ಮಾತು ಪೂರ್ತಿ ತಿಳಿಯಿತು.

"ಏನಾಗಿದೆ ವೈರಣ್ಣ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ನೋಡಿ ಡಾಕ್ಟ್ರೇ, ಕಂಪ್ಯೂಟರುಗಳು ಒಂದನ್ನೊಂದು ಹುಡುಕೋದು ನಂಬರಿಂದ. ನಮಗೆ ನಂಬರು ನೆನಪಿರಲ್ಲ, ಹೆಸರು ಹೇಳ್ತೀವಿ. ಹೆಸರು ಹೇಳಿದ್ರೆ ನಂಬರು ಹೇಳೋಕೆ ಅಂತ ಒಬ್ಬ ಗುಮಾಸ್ತ ಇರ್ತಾನೆ. ಅವನಿಗೆ ಡಿಎನ್‌ಎಸ್ ಅಂತಾರೆ. ನಿಮ್ಮಲ್ಲಿ ಆ ಕೆಲಸ ನಿಮ್ಮ ಸರ್ವರ್ರೇ ಮಾಡುತ್ತೆ. ಸೋಮವಾರದಿಂದ ಇನ್ನೊಬ್ಬ ಗುಮಾಸ್ತ ಬಂದು ಸೇರ್ಕೊಂಡಿದಾನೆ. ಯಾರ ಹೆಸರು ಕೇಳಿದ್ರೂ 'ನಾನೇ, ನಾನೇ' ಅಂತಾನೆ."

ಡಾಕ್ಟರಮ್ಮ ನಕ್ಕರು. "ಎಂಥ ಆಸಾಮಿ!"

"ಕಂಪ್ಯೂಟರು ಆನ್ ಆದಾಗ ಇಬ್ಬರಲ್ಲಿ ಯಾರು ಮೊದಲು ಕೂಗಿದ್ರೆ ಅವರ ಹಿಂದೆ ಹೋಗುತ್ತೆ. ಅದಕ್ಕೇ ಒಂದ್ಸಲ ಸರಿ, ಒಂದ್ಸಲ ತಪ್ಪು. ಸುಮ್ನಿದ್ದಿದ್ರೆ ಪರವಾಗಿರ್ಲಿಲ್ಲ, ಕೆಟ್ಟಿದೆ ಅಂತ ಅವತ್ತೇ ಗೊತ್ತಾಗ್ತಿತ್ತು. ಇವನು ಗೊತ್ತಿಲ್ದೇ ಇದ್ರೂ ಉತ್ತರ ಕೊಡ್ತಾನೆ."

"ಅವನನ್ನ ಹಿಡೀತೀರಾ?"

"ಹಿಡಿದೇ ಹೋಗೋದು."

ಕಪಾಟಿನಲ್ಲಿ ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆಯಿತ್ತು. ವೈರಣ್ಣ ತನ್ನ ಲ್ಯಾಪ್‌ಟಾಪಿನಿಂದ ಆ ಕಳ್ಳ ನಂಬರನ್ನು ಬಿಡದೆ ಕರೆಯುತ್ತ ಇಟ್ಟ. ಪರದೆಯ ಮೇಲೆ ಸಾಲುಸಾಲಾಗಿ ಓಗೊಡುವುದು ಕಾಣುತ್ತಿತ್ತು. ಒಂದೊಂದೇ ಕೇಬಲ್ ಕಿತ್ತು, ನೋಡಿ, ಮತ್ತೆ ಸಿಕ್ಕಿಸಿದ. ಒಂಬತ್ತನೆಯದನ್ನು ಕಿತ್ತಾಗ ಓಗೊಡುವುದು ನಿಂತಿತು. ಕೇಬಲ್ಲಿನ ಕುತ್ತಿಗೆಗೆ ಎಂಟು ವರ್ಷದ ಹಿಂದೆ ಅವನೇ ಅಂಟಿಸಿದ ಚೀಟಿ: ಹಿಂದಿನ ಕೋಣೆ.

ಹಿಂದಿನ ಕೋಣೆಯಲ್ಲಿ ಕಿವಿಯ ಅಚ್ಚು ತಯಾರಾಗುತ್ತಿತ್ತು. ಪ್ರತಿಯೊಬ್ಬರ ಕಿವಿಯ ತಿರುವಿಗೂ ಹೊಂದುವಂತೆ ಮೆತ್ತನೆಯ ಹಿಟ್ಟಿನಂಥ ವಸ್ತುವಿನಲ್ಲಿ ಅಚ್ಚು ತೆಗೆದು, ಅದರಿಂದ ಶ್ರವಣಯಂತ್ರದ ತುದಿಯನ್ನು ಮಾಡುವವಳು ಐವತ್ತು ವರ್ಷದ ಒಬ್ಬ ಹೆಂಗಸು. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಅವಳು ಅಚ್ಚಿನಮ್ಮ. ಕಿಟಕಿಯ ಕೆಳಗೆ ಉದ್ದನೆಯ ಮರದ ಮೇಜು, ಅದರ ಮೇಲೆ ಚೀಟಿ ಕಟ್ಟಿದ ಪುಟ್ಟ ಪುಟ್ಟ ಗುಲಾಬಿ ಕಿವಿಗಳ ಸಾಲು.

ವೈರಣ್ಣ ಬಾಗಿಲಲ್ಲಿ ನಿಂತು, ಗೋಡೆಯ ಸಾಕೆಟ್ ನೋಡಬೇಕು ಎಂದು ಹೇಳಿ, ಉತ್ತರಕ್ಕೆ ಕಾಯದೆ ಮೇಜಿನ ಪಕ್ಕದ ಸಾಮಾನಿನ ಕಪಾಟಿನ ಹಿಂದೆ ಬಗ್ಗಿದ. ಅಚ್ಚಿನಮ್ಮ ಅವನ ಬೆನ್ನಿಗೆ ಏನೋ ಹೇಳಿದಳು. ಮತ್ತೆ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಮೇಜನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಮೇಜಿಗೆ ತಾಗಿ ಬಗ್ಗಿದ್ದ ವೈರಣ್ಣನ ತೊಡೆಗೆ ಅದು ಮುಟ್ಟಿತು. ತಿರುಗಿದ.

"ಅಲ್ಲಿ ಒಂದು ಡಬ್ಬಿ ಇದೆ ಅಣ್ಣಾ" ಎಂದಳು ಅವಳು. ಮುಖ ಬಿಳಿಚಿಕೊಂಡಿತ್ತು. "ನಾನೇ ಇಟ್ಟಿದ್ದು."

ಕಪಾಟಿನ ಹಿಂದೆ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಹಳೆಯ ವೈಫೈ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ವೈರಣ್ಣ ಅದನ್ನು ಕೈಗೆತ್ತಿಕೊಂಡ.

"ಮನೇಲಿ ಹೊಸದು ಬಂತು. ಇದು ಸುಮ್ನೆ ಬಿದ್ದಿತ್ತು. ಈ ಕೋಣೇಲಿ ಸಿಗ್ನಲ್ ಸಿಗಲ್ಲ, ಇಲ್ಲಿ ಇಟ್ರೆ ಸಿಗಬಹುದು ಅಂತ ಸೋಮವಾರ ಸಿಕ್ಕಿಸಿದೆ. ಫೋನಲ್ಲಿ ಗೆರೆ ಏನೋ ಪೂರ್ತಿ ತೋರಿಸ್ತು, ಆದ್ರೆ ಏನೂ ಬರ್ಲಿಲ್ಲ. ಕೆಟ್ಟಿದೆ ಅಂದ್ಕೊಂಡು ಹಾಗೇ ಬಿಟ್ಟೆ. ಇದರಿಂದಾನಾ ಇಷ್ಟೆಲ್ಲ?"

"ಇದರಿಂದಾನೇ."

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅಯ್ಯೋ ದೇವ್ರೇ. ಐದು ದಿನದಿಂದ ಎಲ್ಲರೂ ಒದ್ದಾಡ್ತಿದ್ರೆ ನಾನೂ ಅವ್ರ ಜೊತೆ ಸೇರ್ಕೊಂಡು ಲೈನ್ ಕಂಪನಿಯವ್ರನ್ನ ಬೈದೆ."

ವೈರಣ್ಣನಿಗೆ ನಗು ಬಂತು, ಅವಳ ಮುಖ ನೋಡಿ ತಡೆದುಕೊಂಡ. "ಇಲ್ಲಿ ಸಿಗ್ನಲ್ ಯಾಕಮ್ಮಾ ಬೇಕಾಗಿತ್ತು?"

"ನಮ್ಮಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ. ಒಬ್ಬಳೇ ಇರ್ತಾಳೆ. ಊಟದ ಹೊತ್ತಿಗೆ ವಿಡಿಯೋದಲ್ಲಿ ಮಾತಾಡ್ತೀವಿ, ಕೈಯಲ್ಲಿ. ಈ ಕೋಣೇಲಿ ಚಿತ್ರ ನಿಂತು ನಿಂತು ಬರುತ್ತೆ. ಅವಳ ಕೈ ಅರ್ಧದಲ್ಲೇ ನಿಂತ್ಹೋಗುತ್ತೆ. ಅರ್ಧ ನೋಡಿ ನಾನು ಏನೋ ಒಂದು ಅಂದ್ಕೊಂಡು ಉತ್ತರ ಕೊಡ್ತೀನಿ. ಅವಳಿಗೆ ಸಿಟ್ಟು ಬರುತ್ತೆ, ನಿನಗೆ ನನ್ನ ಮಾತಂದ್ರೆ ಅಷ್ಟಕ್ಕಷ್ಟೇ ಅಂತಾಳೆ."

ವೈರಣ್ಣ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟ. ಗುಲಾಬಿ ಕಿವಿಗಳನ್ನು ಅವಳು ಆಚೆ ಸರಿಸಿದಳು. ಹಳೆಯ ಪೆಟ್ಟಿಗೆಯೊಳಗೆ ಹೋಗಿ, ಅದು ತಾನಾಗಿ ಎಲ್ಲರಿಗೂ ವಿಳಾಸ ಹಂಚುವುದನ್ನೂ ಹೆಸರಿಗೆ ಉತ್ತರ ಹೇಳುವುದನ್ನೂ ನಿಲ್ಲಿಸಿದ. ಯಾರಿಗೂ ಅಡ್ಡ ಬರದ ಒಂದು ನಂಬರು ಕೊಟ್ಟ. ಇನ್ನು ಮೇಲೆ ಅದರ ಕೆಲಸ ಸಿಗ್ನಲ್ ಹರಡುವುದಷ್ಟೇ. ಆಮೇಲೆ ಹೋಗಿ ಏಳೂ ಕಂಪ್ಯೂಟರುಗಳಿಗೆ ಹಳೆಯದನ್ನು ಮರೆಸಿ, ಹೊಸದಾಗಿ ವಿಳಾಸ ಕೊಡಿಸಿ ಬಂದ. ಏಳೂ ಸರಿಯಾದವು. ಮುಂದಿನ ಮೇಜಿನ ಹುಡುಗಿ ಎರಡೂ ಕೈ ಎತ್ತಿ ಕುಣಿದಳು. ಸದ್ದು ಕೇಳಿಸದಿದ್ದರೂ ವೈರಣ್ಣನಿಗೆ ಅದು ಕಂಡಿತು.

"ಈಗ ಅಕ್ಕನಿಗೆ ಫೋನ್ ಮಾಡಿ ನೋಡಿ" ಎಂದ ಹಿಂದಿನ ಕೋಣೆಗೆ ಬಂದು.

ಪರದೆಯ ಮೇಲೆ ತೆಳ್ಳನೆಯ, ದೊಡ್ಡ ಕನ್ನಡಕದ ಒಬ್ಬ ಮುದುಕಿ ಕಾಣಿಸಿಕೊಂಡಳು. ಅವಳ ಕೈ ಎಲ್ಲೂ ತಡೆಯದೆ ಹರಿಯಿತು. ಅಚ್ಚಿನಮ್ಮನ ಕೈಯೂ ಹರಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದಾರೆ ಎಂದು ನೋಡುವವರಿಗೇ ತಿಳಿಯುತ್ತಿತ್ತು. ಅಚ್ಚಿನಮ್ಮ ಫೋನನ್ನು ವೈರಣ್ಣನ ಕಡೆ ತಿರುಗಿಸಿ ಪರಿಚಯ ಮಾಡಿಸಿದಳು. ಅವನು ಕೈ ಬೀಸಿದ. ಅಚ್ಚಿನಮ್ಮ ಪಕ್ಕದಿಂದ ಅವನಿಗೆ ಏನೋ ಹೇಳಿದಳು, ಅವನು ತಟ್ಟನೆ ತಿರುಗಿ ಅವಳ ತುಟಿ ನೋಡಿದ. ಪರದೆಯೊಳಗಿನ ಅಕ್ಕ ಕೈ ನಿಲ್ಲಿಸಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಚಿಕ್ಕದಾಗಿ ಏನೋ ಕೇಳಿದಳು.

ಅಚ್ಚಿನಮ್ಮನಿಗೆ ಅದನ್ನು ಹೇಳುವುದೋ ಬೇಡವೋ ಎನಿಸಿತು. ಹೇಳಿದಳು. "ಅಕ್ಕ ಕೇಳ್ತಿದಾಳೆ, ಈ ತಮ್ಮನಿಗೂ ನನ್ನ ಥರಾನೇನೇ ಅಂತ."

"ಛೆ ಛೆ, ನನಗೆ ಕೇಳುತ್ತೆ. ಸ್ವಲ್ಪ... ಗಲಾಟೆ ಇದ್ರೆ ಮಾತ್ರ..."

"ಇಲ್ಲಿ ಗಲಾಟೆ ಎಲ್ಲಿದೆ ಅಣ್ಣಾ? ನಾನು ಎರಡು ಸಲ ಕರೆದೆ. ಮೇಜು ತಟ್ಟಿದ ಮೇಲೆ ತಿರುಗಿದ್ರಿ. ನಾನು ಹುಟ್ಟಿದ್ದೇ ಇಂಥ ಮನೇಲಿ. ನನ್ನ ಕಣ್ಣಿಗೆ ಮಣ್ಣೆರಚಿದ್ರೂ ನಮ್ಮಕ್ಕನ ಕಣ್ಣಿಗೆ ಎರಚೋಕಾಗಲ್ಲ."

ವೈರಣ್ಣ ಕೇಬಲ್ ಸುತ್ತತೊಡಗಿದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ. "ಎರಡು ವರ್ಷ ಆಯ್ತು" ಎಂದ ಕೊನೆಗೆ, ತಲೆ ಎತ್ತದೆ. "ಕಿವುಡನನ್ನ ಯಾರು ಕೆಲಸಕ್ಕೆ ಕರೀತಾರಮ್ಮಾ?"

"ಇವತ್ತು ನಾವು ಕರೀಲಿಲ್ವಾ?" ಎಂದಳು ಅಚ್ಚಿನಮ್ಮ. ಅಕ್ಕನಿಗೆ ಕೈ ಮಾಡಿ ಫೋನ್ ಇಟ್ಟು ಎದ್ದು ನಿಂತಳು. "ನಾನೀಗ ಡಾಕ್ಟ್ರ ಹತ್ರ ಹೋಗಿ ಡಬ್ಬಿ ವಿಷಯ ಒಪ್ಕೋತೀನಿ. ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ. ನೀವೂ ಜೊತೆಗೆ ಬನ್ನಿ, ನಿಮ್ಮದನ್ನೂ ಹೇಳಿ. ಇಬ್ರೂ ಒಟ್ಟಿಗೆ ಬೈಸ್ಕೊಳ್ಳೋಣ."

ಡಾಕ್ಟರಮ್ಮ ಬೈಯಲಿಲ್ಲ. ಅಚ್ಚಿನಮ್ಮ ಹೇಳಿದ್ದನ್ನೆಲ್ಲ ಕೇಳಿ, "ಮೊದಲೇ ಬಾಯಿಬಿಟ್ಟು ಸಿಗ್ನಲ್ ಬೇಕು ಅಂದಿದ್ರೆ ನಾನೇ ಹಾಕಿಸ್ತಿದ್ನಲ್ಲೇ, ಮಾರಾಯ್ತಿ" ಎಂದರು. ಆಮೇಲೆ ವೈರಣ್ಣನ ಕಡೆ ತಿರುಗಿ, "ನಾನು ಮಾತಾಡುವಾಗ ನೀವು ಬರೀ ನನ್ನ ಬಾಯಿ ನೋಡ್ತಿದ್ರಿ. ನಾನು ಬೆಳಿಗ್ಗೇನೇ ಕೇಳಬೇಕಿತ್ತು. ಬನ್ನಿ ಒಳಗೆ" ಎಂದರು.

ಸ್ಪಂಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿದರು. ಮೊದಲು ಬರಿಯ ಸದ್ದುಗಳು. ಕೇಳಿಸಿದಾಗ ಗುಂಡಿ ಒತ್ತಬೇಕು. ಆಮೇಲೆ ಡಾಕ್ಟರಮ್ಮ ಗಾಜಿನ ಆಚೆ ಕೂತು, ಹಾಳೆಯೊಂದನ್ನು ಬಾಯಿಗೆ ಅಡ್ಡ ಹಿಡಿದು, ಒಂದೊಂದೇ ಪದ ಹೇಳಿದರು. ಕೇಳಿಸಿದ್ದನ್ನು ವೈರಣ್ಣ ಹೇಳುತ್ತ ಹೋದ. ಸಲೀಸಾಗಿದೆ ಎನಿಸಿತು. ಒಂದಕ್ಕೂ ತಡವರಿಸಲಿಲ್ಲ.

ಹೊರಗೆ ಬಂದ ಮೇಲೆ ಅವರು ಹಾಳೆಯನ್ನು ಅವನ ಮುಂದಿಟ್ಟರು. ಎಡಗಡೆ ಅವರು ಹೇಳಿದ್ದು, ಬಲಗಡೆ ಅವನು ಹೇಳಿದ್ದು. ಕೆಸರು ಎಂದಿದ್ದರು, ಬೆವರು ಎಂದಿದ್ದ. ಉಸಿರು ಎಂದಿದ್ದರು, ಉಗುರು ಎಂದಿದ್ದ. ಕಾಸು ಎಂದಿದ್ದಕ್ಕೆ ಕಾಲು. ಇಪ್ಪತ್ತೈದರಲ್ಲಿ ಹದಿನಾರು ತಪ್ಪು.

"ದಪ್ಪ ಸದ್ದು ನಿಮಗೆ ಚೆನ್ನಾಗೇ ಕೇಳುತ್ತೆ" ಎಂದರು ಡಾಕ್ಟರಮ್ಮ. "ಹೋಗಿರೋದು ತೆಳು ಸದ್ದು. ಸ, ಶ, ತ, ಕ ಇಂಥವು. ಪದದ ಮೈ ಬರುತ್ತೆ, ಮುಖ ಬರಲ್ಲ. ಅದಕ್ಕೇ ಜನಕ್ಕೆ ತಾವು ಕಿವುಡಾಗ್ತಿದೀವಿ ಅಂತಾನೇ ಗೊತ್ತಾಗಲ್ಲ. ಇಲ್ಲದೇ ಇರೋದನ್ನ ಮನಸ್ಸು ತಾನೇ ತುಂಬ್ಕೊಳ್ಳುತ್ತೆ. ಆ ಹೊತ್ತಿಗೆ ತಲೇಲಿ ಏನಿರುತ್ತೋ ಅದನ್ನ."

ವೈರಣ್ಣನ ಕಣ್ಣು ಹಾಳೆಯ ಕೆಳಗಿನ ಸಾಲಿಗೆ ಬಂದು ನಿಂತಿತ್ತು. ಬಸಿರು ಎಂದಿದ್ದರು. ಅವನು ಹೇಳಿದ್ದು ಹಗುರು.

ಮೂರು ತಿಂಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಯಾವುದೋ ಗೋದಾಮಿನಲ್ಲಿ ಏಣಿಯ ಮೇಲೆ ನಿಂತಿದ್ದ. ಹಿಂದಿನ ದಿನವಷ್ಟೇ ಅಳಿಯ ಮೆಸೇಜ್ ಮಾಡಿದ್ದ: ಅವಳಿಗೆ ಜ್ವರ, ಮಲಗಿದ್ದಾಳೆ. ಮಗಳ ಫೋನ್ ಬಂತು. "ಅಪ್ಪಾ" ಎಂದಳು, ಆಮೇಲೆ ಒಂದು ಪದ, ಆಮೇಲೆ "ಇಳಿದುಹೋಯ್ತು" ಎಂದಳು. ಜ್ವರ ಇಳಿಯಿತು ಎಂದು ಇವನಿಗೆ ಜೀವ ಬಂದಂತಾಗಿತ್ತು. "ಒಳ್ಳೇದಾಯ್ತು ಬಿಡಮ್ಮಾ! ಪೀಡೆ ತೊಲಗಿತು. ಇನ್ನು ಕೆಲಸದ ಕಡೆ ಗಮನ ಕೊಡು" ಎಂದು ಏಣಿಯ ಮೇಲಿಂದ ಗಟ್ಟಿಯಾಗಿ ಹೇಳಿದ್ದ. ಆ ಕಡೆಯಿಂದ ಫೋನ್ ಕಟ್ಟಾಗಿತ್ತು. ಸಿಗ್ನಲ್ ಹೋಯಿತು ಎಂದುಕೊಂಡಿದ್ದ. ಅವಳು ಮಾಡಿದ ಕೊನೆಯ ಫೋನ್ ಅದೇ.

"ಏನಾಯ್ತು ವೈರಣ್ಣ? ನೀರು ಕುಡೀತೀರಾ?"

"ಡಾಕ್ಟ್ರೇ" ಎಂದ. "ಕಿವಿಗೆ ಹಾಕೋದು ಇವತ್ತೇ ಸಿಗುತ್ತಾ? ನಾನು ಒಂದು ಕಡೆ ಹೋಗ್ಬೇಕು."

ಪರೀಕ್ಷೆಗೆಂದು ಇಟ್ಟಿದ್ದ ಜೋಡಿಯೊಂದನ್ನು ಡಾಕ್ಟರಮ್ಮ ತೆಗೆದರು. ಅವನ ತಪಾಸಣೆಯ ಗೆರೆಗಳನ್ನು ಕಂಪ್ಯೂಟರಿಗೆ ಸೇರಿಸಿ, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿದರು. ದಾಖಲೆ ಒಂದೇ ಸಲಕ್ಕೆ ತೆರೆಯಿತು. ಅಚ್ಚಿನಮ್ಮ ಬಂದು, ಮೆತ್ತನೆಯ ತುದಿಗಳಲ್ಲಿ ಅವನ ಅಳತೆಯದನ್ನು ಹುಡುಕಿ, ತಲೆ ಬಾಗಿಸಿ ಹಿಡಿದು ತಾನೇ ಹಾಕಿದಳು.

"ಒಂದು ವಾರ ಇಟ್ಕೊಳ್ಳಿ. ಎಲ್ಲ ಒಟ್ಟಿಗೆ ನುಗ್ಗುತ್ತೆ, ತಲೆ ಸಿಡಿಯುತ್ತೆ. ಗಾಬರಿ ಬೇಡ" ಎಂದರು ಡಾಕ್ಟರಮ್ಮ.

ನುಗ್ಗಿತು. ಹಾಳೆ ಮಗುಚಿದ ಸರಪರ, ಸ್ಟೂಲಿನ ಕಿರ್ರ್, ಮುಂದಿನ ಮೇಜಿನ ಹುಡುಗಿ ಮೂಗೆಳೆದದ್ದು. ಮೆಟ್ಟಿಲಿಳಿದರೆ ತನ್ನದೇ ಚಪ್ಪಲಿಯ ಸದ್ದು. ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನಲ್ಲಿ ಯಾರೋ ತಮ್ಮ ಅತ್ತೆಯ ಬಗ್ಗೆ ಮೆಲ್ಲಗೆ ದೂರುತ್ತಿರುವುದು ಒಂದೊಂದು ಅಕ್ಷರವೂ ಕೇಳಿಸಿ, ಕಳ್ಳತನ ಮಾಡಿದಂತೆ ಮೈ ಮುದುಡಿಕೊಂಡ.

ಮಗಳ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅವಳು ಕೆಲಸದಿಂದ ಆಗಷ್ಟೇ ಬಂದಿದ್ದಳು. ಬಾಗಿಲು ತೆರೆದವಳು ಅಪ್ಪನನ್ನು ಕಂಡು ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದಳು.

"ಹೇಳ್ದೇ ಕೇಳ್ದೇ ಬಂದ್ಬಿಟ್ಯಲ್ಲ. ಕೂತ್ಕೋ" ಎಂದು ಅಡುಗೆಮನೆಗೆ ಹೋದಳು. ಬಹಳ ಇಳಿದುಹೋಗಿದ್ದಳು. ವೈರಣ್ಣ ಕೂರಲಿಲ್ಲ. ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಅವನಿಗೆ ಬೆನ್ನು ಮಾಡಿ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು.

"ಪುಟ್ಟಾ, ಮೂರು ತಿಂಗಳ ಹಿಂದೆ ನೀನು ಫೋನ್ ಮಾಡಿದ್ಯಲ್ಲ. ಏನೋ ಇಳಿದುಹೋಯ್ತು ಅಂದೆ. ಏನು ಅಂದೆ?"

ಲೋಟ ತೊಳೆಯುವುದು ನಿಂತಿತು. "ಈಗ ಅದನ್ನ ಯಾಕೆ ಕೆದಕ್ತೀಯ?"

"ನನಗೆ ಅವತ್ತು ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ವಾ? ಒಳ್ಳೇದಾಯ್ತು ಅಂದ್ಯಲ್ಲಪ್ಪಾ ನೀನು! ಪೀಡೆ ತೊಲಗಿತು ಅಂದೆ." ಅವಳು ಇನ್ನೂ ತಿರುಗಿರಲಿಲ್ಲ. ದನಿ ನಡುಗುತ್ತಿತ್ತು. ಆ ನಡುಕವೂ ಅವನಿಗೆ ಕೇಳಿಸಿತು. "ಕೆಲಸ ಕಾಯಂ ಆಗೋವರೆಗೂ ಮಕ್ಕಳು ಬೇಡ ಅಂತ ಮೊದಲೇ ಹೇಳಿದ್ದೆ ನೀನು. ಅದಕ್ಕೇ ನಿನಗೆ ಖುಷಿ ಆಯ್ತು ಅಂದ್ಕೊಂಡೆ. ಬಸಿರಿ ಅಂತ ಹೇಳಿದಾಗ್ಲೂ ಹ್ಞೂಂ ಹ್ಞೂಂ ನೋಡೋಣ ಅಂದೆ. ಇಳಿದುಹೋಯ್ತು ಅಂದ್ರೆ ಒಳ್ಳೇದಾಯ್ತು ಅಂದೆ. ಅಮ್ಮ ಇಲ್ಲ, ನಿನಗಲ್ದೆ ನಾನು ಇನ್ಯಾರಿಗೆ ಹೇಳ್ಲಿ ಅಂತ ಆಸ್ಪತ್ರೆ ಮಂಚದಿಂದಾನೇ ಮಾಡಿದ್ದೆ."

ವೈರಣ್ಣ ಬಾಗಿಲಿಂದ ಒಂದು ಹೆಜ್ಜೆ ಒಳಗಿಟ್ಟ. "ಜ್ವರ ಇಳಿದುಹೋಯ್ತು ಅಂದೆ ಅಂದ್ಕೊಂಡೆ ಕಣಮ್ಮಾ."

ಅವಳು ತಿರುಗಿದಳು.

"ನನಗೆ ಕಿವಿ ಹೋಗಿದೆ. ಎರಡು ವರ್ಷ ಆಯ್ತು. ಯಾರಿಗೂ ಹೇಳ್ಲಿಲ್ಲ, ನಿನಗೂ ಹೇಳ್ಲಿಲ್ಲ. ಬಸಿರಿ ಅಂದಿದ್ದೂ ಕೇಳಿಸ್ಲಿಲ್ಲ. ನನಗೆ ಇವತ್ತೇ ಗೊತ್ತಾಗ್ತಿರೋದು." ಕೂದಲನ್ನು ಹಿಂದಕ್ಕೆ ಸರಿಸಿ ಕಿವಿಯ ಹಿಂದಿನ ಯಂತ್ರವನ್ನು ತೋರಿಸಿದ. ತೋರಿಸುವ ಕೈ ಅದನ್ನು ಕಳಚಿಯೇಬಿಟ್ಟಿತು. ಒಂದು ಕಡೆ ಜಗತ್ತು ಥಟ್ಟನೆ ಮುಚ್ಚಿಕೊಂಡಿತು. ಪರದಾಡಿ ಮತ್ತೆ ಸಿಕ್ಕಿಸಿಕೊಳ್ಳಲು ಹೋದ. ಬರಲಿಲ್ಲ.

ಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಯಂತ್ರವನ್ನು ಅವನ ಕೈಯಿಂದ ತೆಗೆದುಕೊಂಡು, ಯಾವ ಕಡೆ ಮೇಲು ಯಾವ ಕಡೆ ಕೆಳಗು ಎಂದು ನೋಡಿ, ಕಿವಿಯ ಹಿಂದೆ ಕೂರಿಸಿದಳು. ಕೈ ತೆಗೆಯಲಿಲ್ಲ. ಅವನ ಹೆಗಲಿಗೆ ಹಣೆ ಒತ್ತಿ ಅತ್ತಳು. ಅವಳು ಅಳುವುದನ್ನು ವೈರಣ್ಣ ಮೂರು ತಿಂಗಳು ತಡವಾಗಿ ಕೇಳಿಸಿಕೊಂಡ.

"ಹೇಳಮ್ಮಾ" ಎಂದ, ಅವಳ ಉಸಿರು ಹದಕ್ಕೆ ಬಂದ ಮೇಲೆ. "ಮೊದಲಿಂದ ಹೇಳು. ಒಂದೂ ಬಿಡಬೇಡ."

ಇಬ್ಬರೂ ಅಡುಗೆಮನೆಯ ನೆಲದ ಮೇಲೇ ಕೂತರು. ಅವಳು ಹೇಳುತ್ತ ಹೋದಳು: ಗೊತ್ತಾದ ದಿನ ಗ್ರಂಥಾಲಯದ ಮಕ್ಕಳ ಕಪಾಟಿನ ಮುಂದೆ ಸುಮ್ಮನೆ ನಿಂತುಕೊಂಡಿದ್ದು, ಹನ್ನೊಂದನೆಯ ವಾರ ಜ್ವರ ಬಂದದ್ದು, ಆಸ್ಪತ್ರೆಯ ಹೊದಿಕೆ ತೆಳ್ಳಗಿದ್ದು ರಾತ್ರಿಯೆಲ್ಲ ಚಳಿಯಾದದ್ದು, ಒಬ್ಬ ನರ್ಸು ತನ್ನದೇ ಸ್ವೆಟರು ತಂದು ಹೊದಿಸಿದ್ದು. ವೈರಣ್ಣ ಒಂದು ಸಲವೂ ಹ್ಞೂಂ ಎನ್ನಲಿಲ್ಲ. ತಿಳಿಯದಿದ್ದಾಗ "ಇನ್ನೊಂದ್ಸಲ ಹೇಳು" ಎಂದ. ಅವಳು ಇನ್ನೊಂದು ಸಲ ಹೇಳಿದಳು.

ಅಳಿಯ ಬಂದಾಗ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮಿತಭಾಷಿ ಹುಡುಗ. ಅಡುಗೆಮನೆಯ ನೆಲದ ಮೇಲೆ ಮಾವನನ್ನೂ ಹೆಂಡತಿಯ ಊದಿದ ಕಣ್ಣನ್ನೂ ನೋಡಿ, ಒಳಗೆ ಬರುವುದೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ನಿಂತ.

"ಅಪ್ಪಂಗೆ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದಳು ಮಗಳು. "ಕೇಳಿಸಿರ್ಲಿಲ್ಲ."

ವೈರಣ್ಣ ಮಂಡಿಗೆ ಕೈಯೂರಿ ಎದ್ದ. ಅಳಿಯನ ಹತ್ತಿರ ಹೋಗಿ ಅವನ ತೋಳು ಹಿಡಿದ. "ಅವಳನ್ನಂತೂ ನಾನು ಕೇಳ್ಲಿಲ್ಲ" ಎಂದ. "ನೀನು ಹೇಗಿದೀಯಪ್ಪಾ? ನಿನ್ನನ್ನಾದ್ರೂ ಯಾರಾದ್ರೂ ಕೇಳಿದ್ರಾ?"

ಅಳಿಯ ಚಪ್ಪಲಿ ಇಡುವ ಬೆಂಚಿನ ಮೇಲೆ ಕೂತು ಶೂಗಳ ದಾರ ಬಿಚ್ಚತೊಡಗಿದ. ಒಂದು ಶೂ ಬಿಚ್ಚಿದ. ಎರಡನೆಯದರ ಗಂಟು ಅವನ ಬೆರಳಿಗೆ ಸಿಗಲೇ ಇಲ್ಲ. ಬಗ್ಗಿದ ತಲೆ ಎತ್ತದೆ, "ಇಲ್ಲ ಮಾವ" ಎಂದ, ಬಹಳ ಮೆಲ್ಲಗೆ.

ವೈರಣ್ಣ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ.